ಮೂವತ್ತೇಳನೇ ನಂಬರಿನ ಗಂಧದ ಮರ

ಸರ್ಕಾರ ಮರದ ವ್ಯಾಪಾರಕ್ಕೆ ಇಳಿದ ಮೇಲೆ ನಗುವುದಕ್ಕೆ ಟಿಕೆಟ್ ತೆಗೆದುಕೊಂಡು ನಾಟಕ ನೋಡಬೇಕಾಗಿರಲಿಲ್ಲ. ಖಾಕಿ ಹಾಕಿಕೊಂಡು ಹಳ್ಳಿಗಳ ಮೇಲೆ ಒಂದು ಸುತ್ತು ಹೋದರೆ ಸಾಕು, ಸಂಜೆಯೊಳಗೆ ಏನಾದರೊಂದು ಆಗಿಯೇ ತೀರುತ್ತಿತ್ತು. ನಾನು ಅರಣ್ಯ ಇಲಾಖೆಗೆ ಗಾರ್ಡಾಗಿ ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ. ಗಂಧ ಎಣ್ಣೆ ಕಾರ್ಖಾನೆಗೆ ಹೋಗಬೇಕು, ನೀಲಗಿರಿ ಕಾಗದದ ಕಾರ್ಖಾನೆಗೆ ಹೋಗಬೇಕು, ಇವೆರಡನ್ನೂ ಬೆಳೆಸಿ ಕಾಯ್ದು ಕಳಿಸುವುದು ನಮ್ಮ ಇಲಾಖೆಯ ಕೆಲಸ. ಕಾಯುವುದಕ್ಕೆ ನಾನು, ನನ್ನನ್ನು ಕಾಯುವುದಕ್ಕೆ ರೇಂಜರು, ನಮ್ಮಿಬ್ಬರನ್ನೂ ಆಟ ಆಡಿಸುವುದಕ್ಕೆ ಒಬ್ಬಳು ಅಜ್ಜಿ. ಇಷ್ಟೇ ನನ್ನ ಸಂಸಾರ.

ಕಾಗದದಲ್ಲಿ ಗಂಧ

ನನ್ನನ್ನು ಹಾಕಿದ್ದು ದೇವನಹಳ್ಳಿ ಕಡೆಯ ವಿಜಯಪುರದಿಂದ ಎರಡು ಮೈಲಿ ಆಚೆಯ ಒಂದು ಹಳ್ಳಿಗೆ. ಕ್ವಾರ್ಟರ್ಸ್ ಇರಲಿಲ್ಲ. ಊರ ಮುಂದಿನ ಮನೆಯ ಅಜ್ಜಿ ಜಗಲಿ ಪಕ್ಕದ ಕೋಣೆ ಬಿಟ್ಟುಕೊಟ್ಟಳು. ಮಕ್ಕಳಿಲ್ಲದ ಒಂಟಿ ಹೆಂಗಸು, ಒಂದು ಹಸು, ಒಂದು ಕೊಟ್ಟಿಗೆ. ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡು ಒಂದು ಮರ. ಮರದ ಮೈಮೇಲೆ ಟಾರಿನಲ್ಲಿ ದಪ್ಪಗೆ 37 ಎಂದು ಬರೆದಿತ್ತು.

ಆ ಕಾಲದಲ್ಲಿ ಗಂಧದ ಮರ ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದೇ. ನಾವು ಅದಕ್ಕೆ ನಂಬರು ಹಾಕಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಕಳುವಾದರೆ ಮೊದಲು ಮನೆಯವರು ಉತ್ತರ ಹೇಳಬೇಕು, ಆಮೇಲೆ ಗಾರ್ಡು. ನನ್ನ ರಿಜಿಸ್ಟರಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಮರ ಸಂಖ್ಯೆ ಮೂವತ್ತೇಳು, ಜಾತಿ ಗಂಧ, ಸುಸ್ಥಿತಿ.

ನಾನು ರಿಜಿಸ್ಟರು ನೋಡಿದೆ. ಮರ ನೋಡಿದೆ. ಮತ್ತೆ ರಿಜಿಸ್ಟರು ನೋಡಿದೆ. ನೆಲಮಂಗಲದ ಪೇಟೆಯಲ್ಲಿ ಬೆಳೆದವನಾದರೂ ಹೊಂಗೆ ಮರ ಗುರುತು ಹಿಡಿಯಲಾರದಷ್ಟು ಪೇಟೆಯವನಲ್ಲ. ಅದು ಹೊಂಗೆ. ಮೈ ತುಂಬ ಕಾಯಿ ಬಿಟ್ಟುಕೊಂಡು ನಿಂತ ಹೊಂಗೆ.

ಸೈಕಲ್ ಹತ್ತಿ ನೇರವಾಗಿ ರೇಂಜರ್ ಸಾಹೇಬರ ಹತ್ತಿರ ಓಡಿದೆ.

"ಸಾರ್, ಮೂವತ್ತೇಳು ಗಂಧ ಅಲ್ಲ, ಹೊಂಗೆ!"

ಅವರು ತಲೆ ಎತ್ತಲಿಲ್ಲ. "ರಿಜಿಸ್ಟರಲ್ಲಿ ಏನಿದೆ?"

"ಗಂಧ ಅಂತ ಇದೆ ಸಾರ್."

"ಮತ್ತೆ?"

"ಮರ ಹೊಂಗೆ ಸಾರ್."

ರೇಂಜರು ಎದ್ದು ಬಾಗಿಲು ಹಾಕಿ ಬಂದು ಕೂತರು. "ನೋಡಯ್ಯಾ, ಅದು ಹೊಂಗೆ ಅಂದ್ರೆ ಗಂಧ ಎಲ್ಲಿ ಅಂತ ಕೇಳ್ತಾರೆ. ಯಾವಾಗ ಹೋಯ್ತು, ಯಾರು ಗಾರ್ಡು, ಯಾರು ರೇಂಜರು ಅಂತ ಕೇಳ್ತಾರೆ. ಐದು ವರ್ಷದಿಂದ ನಾನೇ ಸುಸ್ಥಿತಿ ಅಂತ ಬರೀತಿದ್ದೀನಿ. ನೀನಿನ್ನೂ ಟೆಂಪೊರರಿ. ಆ ನಂಬರು ನೆಟ್ಟಗೆ ನಿಂತಿರೋವರೆಗೂ ನಿನ್ನ ಕೆಲಸಾನೂ ನಿಂತಿರುತ್ತೆ. ತಿಳೀತಾ?"

ಚೆನ್ನಾಗಿ ತಿಳಿಯಿತು. ತ್ಯಾಮಗೊಂಡ್ಲಿನಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಕೆಲಸ ಕಾಯಂ ಆದ ಆರ್ಡರು ಕಣ್ಣಲ್ಲಿ ನೋಡುವವರೆಗೆ ಲಗ್ನ ಕಟ್ಟಿಸುವುದಿಲ್ಲ ಎಂದು ಹೆಣ್ಣಿನ ತಂದೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು. ಅಂದರೆ ನನ್ನ ಮದುವೆ ಒಂದು ಹೊಂಗೆ ಮರಕ್ಕೆ ನೇತುಬಿದ್ದಿತ್ತು.

ಅಜ್ಜಿಯ ಕಷ್ಟವೇ ಬೇರೆ. ಮರ ದಪ್ಪವಾಗುತ್ತಾ ಕೊಟ್ಟಿಗೆಯ ಮಣ್ಣಿನ ಗೋಡೆಯನ್ನು ಒಳಕ್ಕೆ ತಳ್ಳುತ್ತಿತ್ತು. ಗೋಡೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು, ಒಳಗೆ ಹಸು.

"ಗಾರ್ಡಪ್ಪ, ಇದು ಹೊಂಗೆ ಅಂತ ಒಂದು ಚೀಟಿ ಬರ್ಕೊಡು. ಕಡಿಸಿ ಹಾಕ್ತೀನಿ."

"ಬರ್ಕೊಟ್ರೆ ನನ್ನ ಕೆಲಸ ಹೋಗುತ್ತೆ ಅಜ್ಜಿ."

"ಹಂಗಾದ್ರೆ ಇದು ಗಂಧವೇ ಅನ್ನು. ನಿಮ್ಮ ಗಂಧ ನೀವೇ ಕಿತ್ಕಂಡೋಗಿ."

"ಕಿತ್ತರೆ ಹೊಂಗೆ ಅಂತ ಗೊತ್ತಾಗುತ್ತಲ್ಲ!"

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಂಗೆ ಹೆಣ್ಣು ಕೊಡೋನು ಸ್ವಲ್ಪ ತಡೆದು ನೋಡಾನ ಅಂದಿದ್ರಲ್ಲಿ ತಪ್ಪೇನೂ ಇಲ್ಲ ಬುಡು" ಎಂದಳು.

ಸರ್ಕಾರದ ಎಲೆ

ಶಿವರಾತ್ರಿ ಹತ್ತಿರ ಬಂದಾಗ ಹೊಂಗೆ ಎಲೆ ಉದುರಿಸಲು ಶುರು ಮಾಡಿತು. ಅಂಗಳ, ಜಗಲಿ, ಬಾನಿ, ನನ್ನ ಸೈಕಲ್ ಸೀಟು, ಎಲ್ಲೆಲ್ಲೂ ಎಲೆ. ದಿನಕ್ಕೆ ಎರಡು ಸಲ ಅಂಗಳ ಗುಡಿಸುತ್ತಿದ್ದ ಅಜ್ಜಿ ಪೊರಕೆ ಮುಟ್ಟುವುದನ್ನೇ ಬಿಟ್ಟಳು. ಎರಡು ದಿನ ನೋಡಿ ಕೇಳಿದೆ.

"ಯಾಕಜ್ಜಿ, ಮೈ ಹುಷಾರಿಲ್ವಾ?"

"ನಂಗೇನಾಗೈತೆ? ಎಲೆ ಸರ್ಕಾರದ್ದು. ನಾನ್ಯಾಕೆ ಮುಟ್ಲಿ? ನಿನಗಿಂತ ಮುಂಚೆ ಇದ್ದ ಗಾರ್ಡು, ಈ ಮರದ ಒಂದು ಕಡ್ಡಿ ಮುಟ್ಟಿದ್ರೂ ಜೈಲು ಅಂದಿದ್ದ."

"ಎಲೆಗೆಲ್ಲ ಜೈಲು ಇಲ್ಲ, ಗುಡಿಸಿ."

"ಬರ್ಕೊಡು."

ಬರೆದುಕೊಟ್ಟರೆ 'ಗಂಧದ ಎಲೆ' ಎಂದು ಬರೆಯಬೇಕು. ಅದನ್ನು ಹಿಡಿದುಕೊಂಡು ಅವಳು ಯಾರ ಮುಂದೆ ನಿಲ್ಲುತ್ತಾಳೋ ಯಾರಿಗೆ ಗೊತ್ತು? ಪೊರಕೆ ಈಸಿಕೊಂಡು ನಾನೇ ಗುಡಿಸಿದೆ. ಮರುದಿನವೂ ಗುಡಿಸಿದೆ. ಖಾಕಿ ಚಡ್ಡಿ ಹಾಕಿಕೊಂಡು ಅಂಗಳ ಗುಡಿಸುವ ಗಾರ್ಡನ್ನು ನೋಡಲು ಪಕ್ಕದ ಬೀದಿಯ ಹೆಂಗಸರು ಕೊಡ ಹೊತ್ತುಕೊಂಡು ಸುತ್ತು ದಾರಿಯಲ್ಲಿ ಬರತೊಡಗಿದರು. ಆಮೇಲೆ ಕಾಗೆ ಗೂಡು ಕಟ್ಟಿತು. ಕಾಗೆ ಹಾಕಿದ್ದನ್ನೂ ನಾನೇ ತೊಳೆಯಬೇಕಾಯಿತು, ಯಾಕೆಂದರೆ ಕಾಗೆ ಸರ್ಕಾರದ ಬಾಡಿಗೆದಾರ ಎಂದು ಅಜ್ಜಿ ತೀರ್ಮಾನ ಮಾಡಿದ್ದಳು.

ಒಂದು ಬೆಳಿಗ್ಗೆ ನಾನು ಹೀಗೆ ಬಗ್ಗಿ ಗುಡಿಸುತ್ತಿರುವಾಗಲೇ ರೇಂಜರ ಮೋಟಾರ್ ಸೈಕಲ್ ಬಂದು ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಅವರು ರಾಶಿ ಬಿದ್ದ ಎಲೆ ನೋಡಿ, ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದರು: "ಒಳ್ಳೇ ಕೆಲಸ ಮಾಡ್ತಿದ್ದೀಯ. ಈ ಎಲೆ ಯಾರ ಕಣ್ಣಿಗೂ ಬೀಳಬಾರದು. ನಾಳೆಯಿಂದ ದಿನಕ್ಕೆರಡು ಸಲ ಗುಡಿಸು."

ಸುತ್ತಿಗೆ

ನಮ್ಮ ಇಲಾಖೆಯಲ್ಲಿ ದೇವರಿಗಿಂತ ದೊಡ್ಡದು ಸುತ್ತಿಗೆ. ಅದರ ಮೂತಿಯಲ್ಲಿ ಸರ್ಕಾರದ ಗುರುತು ಕೊರೆದಿರುತ್ತದೆ. ಯಾವ ಮರದ ಮೇಲೆ ಆ ಗುರುತು ಬಿತ್ತೋ ಅದು ಪಾಸಾಯಿತು ಅಂತ ಅರ್ಥ. ಆಮೇಲೆ ಅದನ್ನು ಕಡಿಯಬಹುದು, ಸಾಗಿಸಬಹುದು, ಇಲಾಖೆಯ ತನಿಖೆ ಗೇಟಿನಲ್ಲಿ ಯಾರೂ ತಡೆಯುವಂತಿಲ್ಲ. ನನಗೆ ಸುತ್ತಿಗೆ ಕೊಡುವಾಗ ರೇಂಜರು ಹೇಳಿದ್ದರು: "ನೀನು ಸತ್ತರೆ ನಾನು ಒಂದು ರಿಪೋರ್ಟು ಬರೀಬೇಕು. ಇದು ಕಳೆದುಹೋದರೆ ಹನ್ನೊಂದು ಬರೀಬೇಕು. ಯಾವುದನ್ನ ಕಾಪಾಡ್ಕೋಬೇಕು ಅಂತ ನೀನೇ ಯೋಚನೆ ಮಾಡು."

ಒಂದು ಸಲ ಅಜ್ಜಿಯ ಅಣ್ಣನ ಮಗ ಹೊಸ ನೇಗಿಲು ಮಾಡಿಸಿಕೊಂಡು ಗಾಡಿಯಲ್ಲಿ ಹೊರಟಿದ್ದಾಗ ದೇವನಹಳ್ಳಿ ರಸ್ತೆಯ ಗೇಟಿನವರು ಹಿಡಿದುಬಿಟ್ಟರು. ಮರಕ್ಕೆ ಪಾಸಿಲ್ಲ, ಗುರುತಿಲ್ಲ ಅಂತ. ನೇಗಿಲು ವಾಪಸ್ ಬರಲು ಮೂರು ದಿನ ಹಿಡಿಯಿತು. ಅಜ್ಜಿ ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗಲೇ ನಾನು ಹುಷಾರಾಗಬೇಕಿತ್ತು.

ಮರುದಿನ ನಾನು ಬಚ್ಚಲಲ್ಲಿ ಎಣ್ಣೆ ನೀರು ಹಾಕಿಕೊಳ್ಳುತ್ತಿದ್ದೆ. ಹೊರಗೆ ಟಣ್ ಟಣ್ ಎಂದು ಸದ್ದು. ಹಸುವಿನ ಗೂಟ ಹೊಡೆಯುತ್ತಿರಬೇಕು ಅಂದುಕೊಂಡು ಸೀಗೆಪುಡಿ ತಿಕ್ಕಿಕೊಂಡೆ. ಸ್ನಾನ ಮುಗಿಸಿ ಬಂದರೆ ಸುತ್ತಿಗೆ ಮೊಳೆಗೆ ನೇತುಹಾಕಿದಲ್ಲೇ ಇತ್ತು, ನನಗೇನೂ ಅನುಮಾನ ಬರಲಿಲ್ಲ.

ಅದೇ ವಾರ ರೇಂಜರು ಈ ಕಡೆ ಬಂದವರು ಅಜ್ಜಿಯ ಮನೆಯಲ್ಲಿ ಊಟಕ್ಕೆ ನಿಂತರು. ಅವರೆಕಾಳು ಸಾರು, ಮುದ್ದೆ. ಅಜ್ಜಿ ಮಣೆ ಹಾಕಿದಳು. ರೇಂಜರು ಕೂರಲು ಬಗ್ಗಿದವರು ಹಾಗೇ ನಿಂತರು. ಮಣೆಯ ಮೇಲೆ ಸರ್ಕಾರದ ಗುರುತು! ಪಕ್ಕದಲ್ಲಿದ್ದ ಒನಕೆ ನೋಡಿದರು, ಅದರ ಮೇಲೂ ಗುರುತು. ಮುದ್ದೆ ಕೋಲು, ಕಡಗೋಲು, ಬಾಗಿಲಿನ ಅಗುಳಿ, ಒಂದನ್ನೂ ಬಿಟ್ಟಿರಲಿಲ್ಲ.

"ಏನಜ್ಜಿ ಇದು?"

"ಎಲ್ಲಾ ಪಾಸಾಗೈತೆ ಬುದ್ಧಿ. ನೋಡ್ಕಳಿ. ನಮ್ಮ ಬೀದೀದು ಎಲ್ಲಾರ್ದೂ ಪಾಸಾಗೈತೆ. ಗೇಟ್ನೋರು ಇನ್ನು ಹೆಂಗೆ ಹಿಡೀತಾರೆ ನಾನೂ ನೋಡ್ತೀನಿ."

ತ್ಯಾಮಗೊಂಡ್ಲಿನ ಹುಡುಗಿ ಬೇರೆಯವನ ಪಕ್ಕದಲ್ಲಿ ಹಸೆಮಣೆ ಮೇಲೆ ಕೂತಂತೆ ಕಣ್ಣಿಗೆ ಕಟ್ಟಿತು. ರೇಂಜರು ಹಲ್ಲು ಕಡಿದುಕೊಂಡು, "ಊರಲ್ಲಿ ಮರದ್ದು ಅಂತ ಇನ್ನೇನಾದ್ರೂ ಉಳಿದಿದೆಯಾ?" ಎಂದು ಕೇಳಿದರು.

"ಕೊಟ್ಟಿಗೆ ಪಕ್ಕದಾಗೆ ಒಂದು ಮರ ಉಳ್ಕಂಡೈತೆ ಬುದ್ಧಿ. ಹೆಂಗೂ ತಾವೇ ಬಂದಿದ್ದೀರಿ, ಅದಕ್ಕೂ ಒಂದು ಏಟು ಹಾಕ್ಬುಡ್ಲಾ?" ಎಂದು ಅಜ್ಜಿ ಸುತ್ತಿಗೆಯ ಕಡೆ ಕೈ ಚಾಚಿದಳು.

ಮುದ್ದೆ ಬಿಟ್ಟು ರೇಂಜರು ಸುತ್ತಿಗೆಯ ಕಡೆ ಅಷ್ಟು ಜೋರಾಗಿ ಓಡಿದ್ದನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಆವತ್ತು ಅವರು ಸುತ್ತಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಊಟ ಮುಗಿಸಿದರು.

ನೀರು ಕದ್ದವನು

ಊರ ಗೋಮಾಳದಲ್ಲಿ ಇಲಾಖೆ ನೀಲಗಿರಿ ಹಾಕಿತ್ತು. ಅದು ಬೆಳೆದ ಮೇಲೆ ಕಡಿದು, ತೊಗಟೆ ಸುಲಿದು, ಒಂದೇ ಅಳತೆಗೆ ತುಂಡು ಮಾಡಿ, ತೂಕ ಹಾಕಿ ಒಟ್ಟಿದೆವು. ಕಾಗದದ ಕಾರ್ಖಾನೆಯ ಲಾರಿ ಮರುದಿನವೇ ಬರುತ್ತದೆ ಅಂದಿದ್ದರು. ಬಂದದ್ದು ಬೇಸಿಗೆ ಪೂರ್ತಿ ಕಳೆದ ಮೇಲೆ.

ಕಾರ್ಖಾನೆಯ ಏಜೆಂಟು ಮತ್ತೆ ತೂಕ ಹಾಕಿಸಿದ. ಹಸಿಯಾಗಿದ್ದಾಗ ನಾಲ್ಕು ಲಾರಿ ತೂಗಿದ್ದು ಈಗ ಮೂರು ಲಾರಿಯೂ ತೂಗಲಿಲ್ಲ. ಒಂದು ತುಂಡೂ ಕಳುವಾಗಿರಲಿಲ್ಲ, ಎಣಿಕೆ ಸರಿಯಾಗಿತ್ತು. ಒಣಗಿತ್ತು, ಅಷ್ಟೆ. ಹಾಗೆಂದೇ ಬರೆದು ಕಳಿಸಿದೆ: ಕಡಿಮೆಯಾದದ್ದು ಮರವಲ್ಲ, ಮರದೊಳಗಿನ ನೀರು.

ಮೇಲಿನ ಕಚೇರಿಯಿಂದ ಉತ್ತರ ಬಂತು: "ಸದರಿ ನೀರನ್ನು ತೆಗೆದುಕೊಂಡು ಹೋದವರು ಯಾರು? ಹೆಸರು, ವಿಳಾಸ ಸಹಿತ ವರದಿ ಮಾಡತಕ್ಕದ್ದು. ಅಲ್ಲಿಯವರೆಗೆ ಸದರಿ ಗಾರ್ಡನ್ನು ಕಾಯಂ ಮಾಡುವ ವಿಷಯ ತಡೆಹಿಡಿಯಲಾಗಿದೆ."

ಕೊನೆಯ ಸಾಲು ಓದಿ ನನಗೆ ಅಳು ಬಂತು, ನಿಜವಾಗಿಯೂ ಬಂತು. ಅಜ್ಜಿ ಕಾಗದವನ್ನು ಓದಿಸಿ ಕೇಳಿದಳು. "ಅದಕ್ಯಾಕೆ ಅಳ್ತೀಯ? ಹೋಗಿರೋ ನೀರು ವಾಪಸ್ ಹುಯ್ಯಿ" ಅಂದಳು. ರೇಂಜರಿಗೆ ಈ ಉಪಾಯ ಬಹಳ ಹಿಡಿಸಿತು. ಎರಡು ದಿನ ಕೆರೆಯಿಂದ ಗಾಡಿಯಲ್ಲಿ ಪೀಪಾಯಿ ತಂದು ನೀಲಗಿರಿಗೆ ಅಭಿಷೇಕ ಮಾಡಿದೆವು. ಏಜೆಂಟು ಬಂದು ಒಂದು ತುಂಡು ಎತ್ತಿದ. ನೀರು ತೋಳಿನ ಮೇಲೆ ಹರಿದು ಕಂಕುಳಿಗೆ ಹೋಯಿತು. "ಸ್ವಾಮಿ, ನಾವು ಕೇಳಿದ್ದು ಕಾಗದ ಮಾಡೋಕೆ ಮರ. ಕೋಸಂಬರಿಗೆ ನೆನೆಹಾಕಿದ ಬೇಳೆ ಅಲ್ಲ" ಎಂದು ಲಾರಿ ತಿರುಗಿಸಿಕೊಂಡು ಹೋದ.

ಬೇರೆ ದಾರಿ ಇರಲಿಲ್ಲ. ಕೋಪವೂ ಬಂದಿತ್ತು. ಕಚೇರಿ ಕೇಳಿದ ಹಾಗೆಯೇ ತುಂಬಿದೆ. ನೀರು ತೆಗೆದುಕೊಂಡು ಹೋದವನ ಹೆಸರು: ಸೂರ್ಯ. ವಿಳಾಸ: ಬೆಳಿಗ್ಗೆ ಮೂಡಲ, ಸಂಜೆ ಪಡುವಲ. ಕಸುಬು: ದಿನಗೆಲಸ.

ಕೆಲಸ ಹೋಯಿತೆಂದೇ ಹಾಸಿಗೆ ಸುತ್ತಿಟ್ಟುಕೊಂಡು ಕೂತೆ. ಹದಿನೈದು ದಿನಕ್ಕೆ ಉತ್ತರ ಬಂತು: "ವರದಿ ತೃಪ್ತಿಕರವಾಗಿದೆ. ಆದರೆ ಸದರಿ ವ್ಯಕ್ತಿ ಪ್ರತಿದಿನ ಅದೇ ದಾರಿಯಲ್ಲಿ ಓಡಾಡುತ್ತಿದ್ದರೂ ಇದುವರೆಗೆ ಹಿಡಿಯದಿರಲು ಕಾರಣವೇನು?"

ಬಲಿಯದ ಮರ

ಎರಡು ವರ್ಷ ಹೀಗೇ ಕಳೆಯಿತು. ಗೋಡೆ ಇನ್ನಷ್ಟು ಉಬ್ಬಿತು. ಅಜ್ಜಿ ಅರ್ಜಿ ಮೇಲೆ ಅರ್ಜಿ ಬರೆಸಿದಳು, ಬರೆದುಕೊಟ್ಟವನು ನಾನೇ, ತಲುಪಿದ ಅರ್ಜಿಯನ್ನು ತಿರಸ್ಕರಿಸಿ ಉತ್ತರ ಬರೆದವನೂ ನಾನೇ. ಅಷ್ಟರಲ್ಲಿ ಎಣ್ಣೆ ಕಾರ್ಖಾನೆಗೆ ಗಂಧ ಸಾಲದೆ ಬಂತು. ಬಲಿತ ಮರಗಳನ್ನೆಲ್ಲ ಬೇರು ಸಮೇತ ಕಿತ್ತು ಕಳಿಸಬೇಕೆಂದು ಆರ್ಡರಾಯಿತು. ಗಂಧವನ್ನು ಕಡಿಯುವುದಿಲ್ಲ, ಕೀಳುವುದು. ಎಣ್ಣೆ ಹೆಚ್ಚಾಗಿರುವುದೇ ಬೇರಿನಲ್ಲಿ. ಪಟ್ಟಿಯಲ್ಲಿ ಮೊದಲನೆಯ ಮರ ಮೂವತ್ತೇಳು. ಕೀಳಿಸಲು ಬೆಂಗಳೂರಿನಿಂದ ಬರುವವರು ದೊಡ್ಡ ಸಾಹೇಬರೇ. ಮರ ಕಿತ್ತ ದಿನವೇ ನನ್ನನ್ನು ಕಾಯಂ ಮಾಡುವುದೋ ಬಿಡುವುದೋ ಅಂತಲೂ ಅವರೇ ಬರೆಯುವವರು.

ರೇಂಜರಿಗೆ ಆವತ್ತು ಬೆಳಿಗ್ಗೆಯಿಂದ ಹೊಟ್ಟೆ ನೋವು. ನನಗೆ ಎಲ್ಲ ಕಡೆಯೂ ನೋವು. ಅಜ್ಜಿ ಮಾತ್ರ ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದಳು.

ಜೀಪು ಬಂತು. ಗುದ್ದಲಿ ಹಾರೆ ಹಿಡಿದ ಆರು ಜನ ಇಳಿದರು, ಗಂಧಕ್ಕೆ ಕಾವಲಿಗೆ ಅಂತ ಇಬ್ಬರು ಪೊಲೀಸರು ಇಳಿದರು, ಕೊನೆಗೆ ದೊಡ್ಡ ಸಾಹೇಬರು. ಮರದ ಮುಂದೆ ನಿಂತು ನಂಬರು ಓದಿದರು. ಮೇಲೆ ನೋಡಿದರು. ಒಂದು ಹೊಂಗೆ ಕಾಯಿ ಟಪ್ ಎಂದು ಅವರ ಹ್ಯಾಟಿನ ಮೇಲೆ ಬಿತ್ತು.

"ಏನಯ್ಯಾ ಇದು?"

ರೇಂಜರು ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಮುಂದೆ ಬಂದು ಸಾಹೇಬರ ಮುಖವನ್ನೇ ದಿಟ್ಟಿಸಿದಳು.

"ತಾವೇ ಅಲ್ವಾ ಬುದ್ಧಿ, ಹಿಂದೆ ಇಲ್ಲಿ ರೇಂಜರಾಗಿದ್ದೋರು? ತೆಳ್ಳಗಿದ್ರಿ. ಜೀಪಲ್ಲೇ ಕೂತು ನಂಬರು ಓದ್ಕಂಡು ಹೋಗ್ತಿದ್ರಿ. ನಾನೇ ಮಜ್ಜಿಗೆ ತಂದ್ಕೊಡ್ತಿದ್ದೆ."

ಸಾಹೇಬರು ಏನೋ ನೆನಪಾದವರಂತೆ ರಿಜಿಸ್ಟರು ಕೇಳಿದರು. ಹಾಳೆಗಳನ್ನು ಹಿಂದಕ್ಕೆ ಮಗುಚುತ್ತಾ ಹೋದರು. ಒಂದು ಕಡೆ ನಿಂತರು. 'ಜಾತಿ ಗಂಧ, ಸುಸ್ಥಿತಿ.' ಕೆಳಗೆ ಅವರದೇ ಸಹಿ. ಮುಂದಿನ ವರ್ಷದ್ದೂ ಅವರದೇ.

"ಹಾಗಾದ್ರೆ ಗಂಧ ಎಲ್ಲಿ?" ಎಂದು ಬಹಳ ಮೆಲ್ಲಗೆ ಕೇಳಿದರು. ಪೊಲೀಸರನ್ನು ಜೀಪಿನ ಹತ್ತಿರ ಇರಲು ಹೇಳಿದ್ದೂ ಆಗಲೇ.

ಅಜ್ಜಿ ಆವತ್ತು ನನಗೂ ಗೊತ್ತಿಲ್ಲದ ಕಥೆ ಹೇಳಿದಳು. "ಒಂದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಗಂಧ ಇಲ್ಲ ಬುದ್ಧಿ. ಬೇರು ಸಮೇತ ಕಿತ್ಕಂಡೋಗಿದ್ರು. ಕಳ್ಳರು ಸಿಕ್ಕಲ್ಲ, ನಾನು ಸಿಕ್ತೀನಲ್ಲ? ಜೈಲಿಗೆ ಹೋದ್ರೆ ಹಸು ನೋಡೋರ್ಯಾರು? ಗುಂಡಿ ಮುಚ್ಚಿ ತಿಪ್ಪೆ ಹಾಕ್ದೆ. ಮೂವತ್ತೇಳು ಅಂತ ಸುಣ್ಣದಲ್ಲಿ ಈ ಹೊಂಗೆ ಮೇಲೆ ಬರೆದೆ. ನಾನೇನು ಇಸ್ಕೂಲು ಕಂಡೋಳಾ? ಏಳು ಮಕಾಡೆ ಬಿದ್ದಿತ್ತು. ಆವತ್ತು ತಾವು ಬಂದು ಏಳು ನೋಡಿ ಕೆಂಡಾಮಂಡಲ ಆಗಿ, ಸರ್ಕಾರಿ ನಂಬರು ಬರೆಯೋ ರೀತೀನಾ ಇದು ಅಂತ ಗಾರ್ಡನ್ನ ಬೈದ್ರಿ. ನಿಂತು ಟಾರಲ್ಲಿ ನೆಟ್ಟಗೆ ಬರೆಸಿದ್ರಿ. ಮರ ಮಾತ್ರ ನೋಡ್ಲಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ರೇಂಜರ ಹೊಟ್ಟೆ ನೋವು ವಾಸಿಯಾದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಬರ್ಕೊಳ್ಳಯ್ಯಾ. ಮರ ಸಂಖ್ಯೆ ಮೂವತ್ತೇಳನ್ನು ಖುದ್ದು ಪರಿಶೀಲಿಸಲಾಯಿತು. ಇನ್ನೂ ಬಲಿತಿಲ್ಲ. ಕೀಳುವುದು ಬೇಡ."

"ಬಲಿಯೋ ಹೊತ್ಗೆ ನನ್ನ ಗೋಡೆ ಹಸು ಮೇಲೆ ಬೀಳ್ತದೆ ಬುದ್ಧಿ!" ಅಜ್ಜಿಯ ದನಿ ಮೊದಲ ಸಲ ನಡುಗಿತು. ತಮಾಷೆಯ ಹೆಂಗಸಾದರೂ ಅವಳಿಗೆ ಇದ್ದದ್ದು ಆ ಹಸು ಒಂದೇ.

ಸಾಹೇಬರು ಗೋಡೆ ನೋಡಿದರು. ಹಸು ನೋಡಿದರು. "ಇನ್ನೊಂದು ಸಾಲು ಬರ್ಕೋ. ಗೋಡೆಗೆ ಅಡ್ಡಿಯಾಗುವ ಭಾಗವನ್ನು ಮಾತ್ರ ಮನೆಯವರು ತೆಗೆಸಿಕೊಳ್ಳಬಹುದು. ಆದರೆ ಯಾವ ಕಾರಣಕ್ಕೂ ನಂಬರಿಗೆ ಧಕ್ಕೆ ಬರಕೂಡದು."

ಜೀಪು ಹೋಯಿತು. ಅಜ್ಜಿ ಆ ಎರಡು ಸಾಲನ್ನು ನನ್ನಿಂದ ಮೂರು ಸಲ ಓದಿಸಿದಳು. ಮಾರನೆಯ ದಿನ ಗರಗಸದವರು ಬಂದರು. ನಂಬರಿನಿಂದ ಮೇಲಿದ್ದದ್ದು ಗೋಡೆಗೆ ಅಡ್ಡಿ ಅಂತ ತೆಗೆಸಿದಳು. ನಂಬರಿನಿಂದ ಕೆಳಗಿದ್ದದ್ದು, ಬೇರು ಎಲ್ಲ ಸೇರಿ, ಅದೂ ಗೋಡೆಗೆ ಅಡ್ಡಿ ಅಂತ ತೆಗೆಸಿದಳು. ಉಳಿದದ್ದು ಆಳೆತ್ತರದ ಒಂದು ತುಂಡು. ನಡುವೆ 37. ಹೊಸ ಗೋಡೆ ನೆಟ್ಟಗೆ ಎದ್ದಿತು. ಆ ತುಂಡನ್ನು ಕೊಟ್ಟಿಗೆಯ ಮುಂದೆ, ಜೀಪಿನಲ್ಲಿ ಕೂತವರಿಗೆ ನಂಬರು ಚೆನ್ನಾಗಿ ಕಾಣುವ ಹಾಗೆ ಹೂಳಿ, ಹಸು ಕಟ್ಟಿದಳು.

ಮುಂದಿನ ತಿಂಗಳು ನಾನು ಕಾಯಂ ಆದೆ. 'ಮರ ಸಂಖ್ಯೆ ಮೂವತ್ತೇಳನ್ನು ಜಾಗರೂಕತೆಯಿಂದ ಕಾಪಾಡಿದ್ದಾನೆ' ಎಂದು ಆರ್ಡರಿನಲ್ಲೇ ಬರೆದಿತ್ತು. ತ್ಯಾಮಗೊಂಡ್ಲಿನ ಮಾವನವರು ಅದನ್ನು ಎರಡು ಸಲ ಓದಿ ಲಗ್ನ ಕಟ್ಟಿಸಿದರು. ಮದುವೆಗೆ ಅಜ್ಜಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು.

ರಿಜಿಸ್ಟರು ಮಾತ್ರ ನಿಲ್ಲುವ ಹಾಗಿರಲಿಲ್ಲ. ವರ್ಷ ವರ್ಷವೂ ನಾನು ಆ ಕಂಬದ ಸುತ್ತಳತೆ ತೆಗೆದು ಬರೆದೆ, ರೇಂಜರು ಸಹಿ ಹಾಕಿದರು: ಜಾತಿ ಗಂಧ, ಸುಸ್ಥಿತಿ. ಮೂರನೆಯ ವರ್ಷ ಮೇಲಿನ ಕಚೇರಿಯಲ್ಲಿ ಯಾರೋ ಕಣ್ಣಿಟ್ಟು ಓದುವವರು ಬಂದಿರಬೇಕು. ಒಂದು ಮೆಮೊ ಬಂತು: "ಮರ ಸಂಖ್ಯೆ ಮೂವತ್ತೇಳು ಮೂರು ವರ್ಷದಿಂದ ಒಂದು ಅಂಗುಲವೂ ದಪ್ಪವಾಗಿಲ್ಲ. ಕೂಡಲೇ ಬುಡಕ್ಕೆ ಗೊಬ್ಬರ ಹಾಕಿಸಿ ವರದಿ ಮಾಡತಕ್ಕದ್ದು."

ಕಾಗದ ಹಿಡಿದುಕೊಂಡು ಕೊಟ್ಟಿಗೆಯ ಮುಂದೆ ಹೋಗಿ ನಿಂತೆ. ಕಂಬಕ್ಕೆ ಕಟ್ಟಿದ್ದ ಹಸು ನನ್ನ ಕಡೆ ಒಮ್ಮೆ ನೋಡಿ ಬಾಲ ಎತ್ತಿತು.

ನಾನು ಅಲ್ಲೇ ಜಗಲಿಯ ಮೇಲೆ ಕೂತು ಉತ್ತರ ಬರೆದೆ: "ತಮ್ಮ ಆದೇಶಕ್ಕೆ ಮೊದಲಿನಿಂದಲೂ ದಿನಕ್ಕೆ ಐದಾರು ಬಾರಿ ಹಾಕಲಾಗುತ್ತಿದೆ."